ಚೆನ್ನಾಗಿದ್ದ ಆ ಒಂದು ದಿನ

ಮದುವೆ ಮನೆಗಳಲ್ಲಿ ನನ್ನನ್ನು ‘ಇವರು ಡಾಕ್ಟ್ರು’ ಎಂದು ಯಾರಾದರೂ ಪರಿಚಯಿಸಿದ ಕೂಡಲೇ ಎದುರಿನವರು ಮಂಡಿನೋವಿನಿಂದ ಶುರುಮಾಡುತ್ತಾರೆ. ‘ನಾನು ಪೆಥಾಲಜಿಯವನು, ಔಷಧಿ ಬರೆಯುವವನಲ್ಲ’ ಎಂದರೆ ‘ಓ, ರಕ್ತಪರೀಕ್ಷೆಯವರಾ’ ಎಂದು ಮುಖ ಸಪ್ಪಗೆ ಮಾಡಿಕೊಂಡು ಊಟದ ಪಂಕ್ತಿಯ ಕಡೆ ನೋಡುತ್ತಾರೆ. ನಿಜ ಹೇಳಬೇಕೆಂದರೆ ಮೂವತ್ತು ವರ್ಷ ನಾನು ಹೆಚ್ಚಾಗಿ ನೋಡಿದ್ದು ಫಾರ್ಮಲಿನ್ ತುಂಬಿದ ಬಾಟಲಿಗಳಲ್ಲಿ ಬರುತ್ತಿದ್ದ ಅಂಗಾಂಗಗಳ ತುಂಡುಗಳನ್ನು. ಅವುಗಳಲ್ಲಿ ಹಲವು, ಜಿಲ್ಲೆಯ ಶವಾಗಾರಗಳಿಂದ ಪೊಲೀಸ್ ಪೇದೆಯೊಬ್ಬರ ಕೈಚೀಲದಲ್ಲಿ, ಬಸ್ಸಿನಲ್ಲಿ ಕೂತು ಬರುತ್ತಿದ್ದ ಯಕೃತ್ತಿನ ತುಂಡುಗಳು. ಮದುವೆ ಮನೆಯಲ್ಲಿ ಹೇಳುವ ಮಾತಲ್ಲ ಅದು. ಆದರೆ ಓದುವ ಮಕ್ಕಳಿರುವ ಮನೆಗಳಲ್ಲಿ ಒಮ್ಮೆಯಾದರೂ ಹೇಳಬೇಕಾದದ್ದು ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ.

ವಿಷದಿಂದ ಆದ ಸಾವು ಎಂಬ ಅನುಮಾನವಿದ್ದಾಗ ಶವಪರೀಕ್ಷೆ ಮಾಡುವ ವೈದ್ಯರು ಎರಡು ಬಗೆಯ ಬಾಟಲಿ ಕಟ್ಟುತ್ತಾರೆ. ಒಂದರಲ್ಲಿ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರು. ಉಪ್ಪಿನಕಾಯಿ ಭರಣಿಯ ತತ್ವವೇ ಇದು. ಅದರೊಳಗೆ ಜಠರ, ಅರ್ಧ ಕಿಲೋದಷ್ಟು ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ ಹೋಗುತ್ತವೆ. ಇದು ವಿಧಿವಿಜ್ಞಾನ ಪ್ರಯೋಗಾಲಯದ ರಸಾಯನ ತಜ್ಞರಿಗೆ. ಇನ್ನೊಂದರಲ್ಲಿ ಫಾರ್ಮಲಿನ್, ಅದು ನಮಗೆ. ಎರಡನ್ನೂ ಅದಲುಬದಲು ಮಾಡಿದರೆ ಕೆಲಸ ಕೆಟ್ಟಂತೆಯೇ. ಒಳಗೆ ಹೋದದ್ದು ಏನು ಎಂದು ರಸಾಯನ ತಜ್ಞರು ಹುಡುಕುತ್ತಾರೆ. ಅದು ಒಳಗೆ ಹೋಗಿ ಏನು ಮಾಡಿತು, ಅದಕ್ಕೆ ಎಷ್ಟು ಹೊತ್ತು ಸಿಕ್ಕಿತು ಎಂದು ನಾವು ನೋಡುತ್ತೇವೆ. ಈ ‘ಎಷ್ಟು ಹೊತ್ತು’ ಎನ್ನುವುದೇ ನನ್ನನ್ನು ಇಷ್ಟು ವರ್ಷ ಕಾಡಿದ ಸಂಗತಿ.

ಯಕೃತ್ತನ್ನು ಪಿತ್ತಜನಕಾಂಗ ಎಂದು ಶಾಲೆಯ ಪುಸ್ತಕ ಕರೆಯುತ್ತದೆ, ಹಳ್ಳಿಯ ಕಡೆ ಈಲಿ ಎನ್ನುತ್ತಾರೆ, ಉಳಿದವರೆಲ್ಲ ಲಿವರ್ ಎನ್ನುತ್ತಾರೆ. ಬೆಳೆದ ಮನುಷ್ಯನಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಕಂದುಗೆಂಪು ಬಣ್ಣ, ನುಣುಪಾದ ಹೊಳೆಯುವ ಮೈ, ಚೂಪಾದ ಅಂಚು. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ನೇರವಾಗಿ ಕರುಳು, ಜಠರಗಳ ಕಡೆಯಿಂದ ಬರುತ್ತದೆ. ಅಂದರೆ ನಾವು ನುಂಗಿ ಅರಗಿಸಿದ್ದರಲ್ಲಿ ಹೆಚ್ಚಿನದೆಲ್ಲ ಹೃದಯಕ್ಕೆ, ಮಿದುಳಿಗೆ ಹೋಗುವ ಮೊದಲು ಇಲ್ಲಿ ಸುಂಕ ಕಟ್ಟಿ ಹೋಗಬೇಕು. ಅನ್ನದ ಸಕ್ಕರೆಯೂ ಅಷ್ಟೇ, ಔಷಧಿಯೂ ಅಷ್ಟೇ, ವಿಷವೂ ಅಷ್ಟೇ.

ಹಾಗೆಂದು ಎಲ್ಲ ವಿಷವೂ ಯಕೃತ್ತಿನ ಮೇಲೆ ಗುರುತು ಬಿಡುತ್ತದೆ ಎಂದು ತಿಳಿಯಬಾರದು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ದುರಂತವಾಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಹಿರಿಯರಿಗೆ ನೆನಪಿರಬಹುದು. ಇಂಥ ದುರಂತಗಳಿಗೆ ಕಾರಣವಾಗುವ ಮೆಥನಾಲು ಮುಖ್ಯವಾಗಿ ಹೊಡೆಯುವುದು ಕಣ್ಣಿನ ನರಕ್ಕೆ, ಮಿದುಳಿಗೆ. ಹೊಲಕ್ಕೆ ಹೊಡೆಯುವ ಹಲವು ಕೀಟನಾಶಕಗಳು ಉಸಿರಾಟವನ್ನು ನಿಲ್ಲಿಸುತ್ತವೆ. ಗಂಟೆಗಳೊಳಗೆ ಸಾವು ಬಂದರೆ ಯಕೃತ್ತಿನಲ್ಲಿ ಕಾಣುವುದು ರಕ್ತ ಕಟ್ಟಿದ ಊತ ಮಾತ್ರ; ಅದು ಬೇರೆ ಎಷ್ಟೋ ಸಾವುಗಳಲ್ಲೂ ಕಾಣುತ್ತದೆ. ಬರೆಯಲು ಸಮಯ ಸಿಗದ ಉತ್ತರಪತ್ರಿಕೆಯ ಹಾಗೆ ಅದು. ಗುರುತು ಮೂಡಬೇಕಾದರೆ ಮನುಷ್ಯ ಕೆಲವು ದಿನ ಬದುಕಿರಬೇಕು. ಹೀಗಾಗಿ ನನ್ನ ಮೇಜಿಗೆ ಬಂದ ಯಕೃತ್ತುಗಳಲ್ಲಿ ಅತ್ಯಂತ ವಿವರವಾಗಿ ಮಾತಾಡಿದವು, ಉಳಿಸಿಕೊಳ್ಳಲು ನಮಗೆ ಸ್ವಲ್ಪವಾದರೂ ಸಮಯವಿದ್ದವರ ಯಕೃತ್ತುಗಳು.

ಅಂಥದೊಂದನ್ನು ಮೊದಲು ನೋಡಿದ್ದು 1979ರಲ್ಲಿ, ನಾನಿನ್ನೂ ಹೌಸ್ ಸರ್ಜನ್ ಆಗಿದ್ದಾಗ. ಊರು, ಆಸ್ಪತ್ರೆ ಬೇಡ. ಎಂಟೊಂಬತ್ತು ವರ್ಷದ ಹುಡುಗಿ. ಅಟ್ಟದ ಮೇಲೆ ಇಲಿಗೆಂದು ಪಾಷಾಣ ಸವರಿ ಇಟ್ಟಿದ್ದ ಕೊಬ್ಬರಿ ಚೂರನ್ನು ತಿಂದುಬಿಟ್ಟಿದ್ದಳು. ತಾಯಿ ಹೆದರಿ, ವಿಷ ತಣ್ಣಗಾಗಲಿ ಎಂದು ಹಾಲಿಗೆ ತುಪ್ಪ ಹಾಕಿ ಕುಡಿಸಿದ್ದಳು. ಆ ಪಾಷಾಣದಲ್ಲಿದ್ದದ್ದು ಹಳದಿ ರಂಜಕ. ಒಂದು ಕಾಲದಲ್ಲಿ ಬೆಂಕಿಕಡ್ಡಿಗೆ ಬಳಸುತ್ತಿದ್ದು, ಕಾರ್ಖಾನೆಯ ಕೆಲಸಗಾರರ ದವಡೆ ಕೊಳೆಯಿಸಿದ್ದಕ್ಕಾಗಿ 1906ರ ಬರ್ನ್ ಒಪ್ಪಂದದಲ್ಲಿ ಹಲವು ದೇಶಗಳು ಕೈಬಿಟ್ಟ ವಸ್ತು. ಅದು ಕೊಬ್ಬಿನಲ್ಲಿ ಕರಗುತ್ತದೆ. ತುಪ್ಪ, ಹಾಲು, ಎಣ್ಣೆ ಕೊಟ್ಟರೆ ತಣ್ಣಗಾಗುವ ಬದಲು ರಕ್ತಕ್ಕೆ ಬೇಗ ಸೇರುತ್ತದೆ. ತಾಯಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ನನಗೇ ಪರೀಕ್ಷೆಗೆ ಓದಿದ್ದಷ್ಟು ಗೊತ್ತಿತ್ತು.

ಹೊಟ್ಟೆ ತೊಳೆದೆವು. ಮೊದಲ ದಿನ ವಾಂತಿ, ಹೊಟ್ಟೆ ಉರಿ. ಎರಡನೆಯ ದಿನ ಬೆಳಿಗ್ಗೆ ಹುಡುಗಿ ಎದ್ದು ಕೂತು ಬನ್ ಬೇಕೆಂದಳು. ಸಿಸ್ಟರ್ ತರಿಸಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ಬೆಕ್ಕಿನ ಹಿಂದೆ ಓಡುತ್ತಿದ್ದಳು. ತಾಯಿ ನನ್ನ ಹತ್ತಿರ ಬಂದು ‘ಮನೇಲಿ ಎಳೆಮಗು ಬಿಟ್ಟು ಬಂದಿವ್ನಿ ಸ್ವಾಮಿ. ಇವ್ಳು ಚೆನ್ನಾಗವ್ಳಲ್ಲ, ಕಳಿಸ್ಕೊಡಿ’ ಎಂದಳು. ನಾನು ಹಿರಿಯರೊಬ್ಬರನ್ನು ಕೇಳಿದೆ. ಅವರು ಅವಸರದಲ್ಲಿ ತಲೆಯಾಡಿಸಿದರು. ಡಿಸ್ಚಾರ್ಜ್ ಚೀಟಿ ಬರೆದದ್ದು ನಾನು. ನಾಲ್ಕನೆಯ ದಿನ ಸಂಜೆ ಅದೇ ತಾಯಿ ಅದೇ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಂದಳು. ಕಣ್ಣು ಅರಿಸಿನದ ಹಾಗೆ ಹಳದಿ, ಒಸಡಿನಲ್ಲಿ ರಕ್ತ, ಕೂಗಿದರೆ ಅರೆಗಣ್ಣು ತೆರೆದು ಮತ್ತೆ ಮಂಪರು. ಮರುದಿನ ಬೆಳಗಿನ ಜಾವ ಹೋದಳು.

ಶವಪರೀಕ್ಷೆಗೆ ನಾನು ಹೋಗಲೇಬೇಕಾಗಿರಲಿಲ್ಲ. ಹೋದೆ. ಹೊಟ್ಟೆ ತೆರೆದಾಗ ಯಕೃತ್ತು ಇರಬೇಕಾದ ಕಡೆ ಇದ್ದದ್ದು ಕಂದುಗೆಂಪಲ್ಲ, ಹಳದಿ. ಊದಿಕೊಂಡು ಅಂಚು ಮೊಂಡಾಗಿತ್ತು. ಚಾಕು ಹಾಕಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ಹೊರತೆಗೆದಾಗ ಅಲಗಿಗೆ ಜಿಡ್ಡು ಮೆತ್ತಿತ್ತು. ಅದರ ಮೇಲ್ಪೊರೆಯ ಕೆಳಗೆ, ಹೃದಯದ ಮೇಲೆ, ಕರುಳಿನ ಮೇಲೆ, ಎಲ್ಲ ಕಡೆ ಕುಂಕುಮ ಎರಚಿದಂತೆ ರಕ್ತದ ಚುಕ್ಕೆಗಳು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವನ್ನು ಮಾಡುವುದು ಯಕೃತ್ತು. ಅದು ಕೆಲಸ ನಿಲ್ಲಿಸಿದರೆ ರಕ್ತ ಸಿಕ್ಕ ಸಿಕ್ಕ ಕಡೆ ಸೋರುತ್ತದೆ. ಪಕ್ಕದ ಮೇಜಿನ ಮೇಲೆ ಕೇಸ್ ಶೀಟು ಬಿದ್ದಿತ್ತು. ಅದರಲ್ಲಿ ನನ್ನ ಅಕ್ಷರದಲ್ಲಿ ‘ರೋಗಿ ಆರಾಮವಾಗಿದ್ದಾಳೆ’ ಎಂದಿತ್ತು.

ನಾನು ಪೆಥಾಲಜಿಗೆ ಹೋದದ್ದು ಇದರಿಂದಲೇ ಎಂದು ಹೇಳಿದರೆ ಕತೆಯಾಗುತ್ತದೆ. ಸೀಟು ಸಿಕ್ಕದ್ದು ಅದರಲ್ಲಿ, ಅದಕ್ಕೆ ಹೋದೆ. ಆದರೆ ಹೋದಮೇಲೆ ನಾನು ಮೊದಲು ಹುಡುಕಿ ತೆಗೆದು ನೋಡಿದ್ದು ಆ ಹುಡುಗಿಯಂಥವರ ಸ್ಲೈಡುಗಳನ್ನು.

ಸೂಕ್ಷ್ಮದರ್ಶಕದಲ್ಲಿ ಯಕೃತ್ತು ಜೇನುಗೂಡಿನಂತೆ ಆರು ಮೂಲೆಯ ಕೋಣೆಗಳ ಊರು. ಒಂದೊಂದು ಕೋಣೆಯೂ ಒಂದೆರಡು ಮಿಲಿಮೀಟರ್ ಅಗಲ. ರಕ್ತ ಮೂಲೆಗಳಿಂದ ಒಳಗೆ ಬಂದು, ಜೀವಕೋಶಗಳ ಸಾಲಿನ ನಡುವೆ ಹರಿದು, ಮಧ್ಯದ ಅಭಿಧಮನಿಗೆ ಸೇರುತ್ತದೆ. ಮೂಲೆಯವರಿಗೆ ಆಮ್ಲಜನಕ ಧಾರಾಳ, ಮಧ್ಯದವರಿಗೆ ಉಳಿದದ್ದು. ನಾಲೆಯ ತಲೆಯ ಗದ್ದೆಗೂ ಬಾಲದ ಗದ್ದೆಗೂ ಇರುವ ವ್ಯತ್ಯಾಸವೇ ಇದು. ಹಳದಿ ರಂಜಕ ಮೂಲೆಯ ಕೋಶಗಳನ್ನು ಮೊದಲು ಹಿಡಿಯುತ್ತದೆ. ಕೋಶದೊಳಗೆ ಕೊಬ್ಬಿನ ಹನಿಗಳು ತುಂಬಿಕೊಳ್ಳುತ್ತವೆ. ತಮಾಷೆಯೆಂದರೆ, ಮೇಣದಲ್ಲಿ ಕೂರಿಸಿ ಕೊಯ್ಯುವ ನಮ್ಮ ಮಾಮೂಲಿ ವಿಧಾನದಲ್ಲಿ ಆ ಕೊಬ್ಬು ಕರಗಿ ಹೋಗಿ ಬರೀ ತೂತುಗಳು ಕಾಣುತ್ತವೆ. ಕೊಬ್ಬು ಇತ್ತೆಂದು ತೋರಿಸಬೇಕಾದರೆ ತುಂಡನ್ನು ಹೆಪ್ಪುಗಟ್ಟಿಸಿ ಕೊಯ್ದು ಬೇರೆ ಬಣ್ಣ ಹಾಕಬೇಕು. ಆಗ ಕಿತ್ತಳೆಗೆಂಪು ಹನಿಗಳು ಎದ್ದು ಕಾಣುತ್ತವೆ.

ಸತ್ತ ಕೋಶವನ್ನು ಗುರುತಿಸುವುದು ಕಷ್ಟವಲ್ಲ. ನೀಲಿಯಾಗಿ ದುಂಡಗಿರುವ ಕೋಶಕೇಂದ್ರ ಕುಗ್ಗಿ ಕಪ್ಪಾಗುತ್ತದೆ, ಒಡೆಯುತ್ತದೆ, ಕೊನೆಗೆ ಅಳಿಸಿಹೋಗುತ್ತದೆ. ಉಳಿಯುವುದು ಗೋಡೆ ನಿಂತು ಒಳಗೆ ಯಾರೂ ಇಲ್ಲದ ಮನೆ. ಕಷ್ಟವಿರುವುದು ಬೇರೆ ಕಡೆ. ಸಾವಿನ ನಂತರವೂ ಯಕೃತ್ತು ತನ್ನಷ್ಟಕ್ಕೆ ಕೆಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಒಂದು ದಿನ ತಡವಾದರೆ ಗಾಳಿಗುಳ್ಳೆ ಎದ್ದು ಸ್ಪಂಜಿನ ಹಾಗಾಗುತ್ತದೆ. ಆಗ ವಿಷ ಕೊಂದ ಕೋಶ ಯಾವುದು, ಸಾವಿನ ನಂತರ ಕೊಳೆತ ಕೋಶ ಯಾವುದು? ಬದುಕಿದ್ದಾಗ ಆದ ಗಾಯಕ್ಕೆ ದೇಹ ಓಗೊಡುತ್ತದೆ. ಬಿಳಿ ರಕ್ತಕಣಗಳು ಓಡಿ ಬಂದಿರುತ್ತವೆ, ಕಸ ಎತ್ತುವ ಕೋಶಗಳ ಹೊಟ್ಟೆ ತುಂಬಿರುತ್ತದೆ. ಕೊಳೆತದ್ದಕ್ಕೆ ಯಾರೂ ಬರುವುದಿಲ್ಲ. ಆ ಓಗೊಟ್ಟ ಗುರುತಿನಿಂದಲೇ ನಾವು ದಿನ ಎಣಿಸುವುದು. ಎಷ್ಟೋ ಸಲ ‘ಹೇಳಲು ಬರುವುದಿಲ್ಲ’ ಎಂದು ಬರೆದು ಸಹಿ ಹಾಕಿದ್ದೂ ಉಂಟು. ಇನ್ಸ್‌ಪೆಕ್ಟರುಗಳಿಗೆ ಅದು ಹಿಡಿಸುತ್ತಿರಲಿಲ್ಲ.

ನಮ್ಮ ಶಾಸ್ತ್ರಕ್ಕೆ ಒಂದು ದುರಭ್ಯಾಸವಿದೆ. ಎಲ್ಲಕ್ಕೂ ತಿನ್ನುವ ಪದಾರ್ಥದ ಹೋಲಿಕೆ. ಜಾಯಿಕಾಯಿ ಯಕೃತ್ತು, ಸಬ್ಬಕ್ಕಿ ಗುಲ್ಮ, ಬ್ರೆಡ್ಡು ಬೆಣ್ಣೆಯ ಹೃದಯ. ಬೆಂಗಳೂರಿನ ಹುಡುಗರು ಜಾಯಿಕಾಯಿಯನ್ನು ಕತ್ತರಿಸಿ ನೋಡದೆಯೇ ಅದನ್ನು ಬಾಯಿಪಾಠ ಮಾಡುತ್ತಿದ್ದರು. ಶಿರಸಿ ಕಡೆಯ ಹುಡುಗಿಯೊಬ್ಬಳು ಮನೆಯಿಂದ ನಾಲ್ಕು ಜಾಯಿಕಾಯಿ ತಂದು ಕ್ಲಾಸಿನಲ್ಲಿ ಅಡ್ಡಕ್ಕೆ ಕೊಯ್ದು ತೋರಿಸಿದ ಮೇಲೆ ಯಾರೂ ಮರೆಯಲಿಲ್ಲ.

ವಿಷವೆಂದರೆ ಬಾಟಲಿ, ಡಬ್ಬಿಗಳಲ್ಲಿ ಬರುವುದು ಮಾತ್ರವಲ್ಲ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದ 397 ಜನ ಕಾಮಾಲೆಯಿಂದ ಮಲಗಿದರು. 106 ಮಂದಿ ಸತ್ತರು. ಅದೇ ಮನೆಗಳ ನಾಯಿಗಳೂ ಹೊಟ್ಟೆ ಊದಿ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಸಂಗಡಿಗರು ಅದು ಬೂಸ್ಟಿನ ಅಫ್ಲಟಾಕ್ಸಿನ್ ಎಂದು ತೋರಿಸಿದರು. ಬೂಸ್ಟು ಹಿಡಿದ ಶೇಂಗಾವನ್ನು ಆರಿಸಿ ಎಸೆಯುವ ಅಜ್ಜಿಯರ ಮೇಲೆ ನನಗೆ ಆಮೇಲೆ ಗೌರವ ಹೆಚ್ಚಿತು.

ಇನ್ನು ಎರಡನೆಯ ಸಂಗತಿ. 2003 ಇರಬೇಕು. ಕೆಲವು ವಿವರ ಬದಲಿಸಿ ಹೇಳುತ್ತೇನೆ. ಒಂದು ಬಾಟಲಿ ಬಂತು: ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದ ಹುಡುಗ, ಹತ್ತೊಂಬತ್ತು ವರ್ಷ. ಜೊತೆಗಿದ್ದ ಚೀಟಿಯಲ್ಲಿ ಯಕೃತ್ತಿನ ತೂಕ 900 ಗ್ರಾಂ ಎಂದಿತ್ತು. ಇರಬೇಕಾದದ್ದಕ್ಕಿಂತ ಸುಮಾರು ಐದರಲ್ಲಿ ಎರಡು ಪಾಲು ಕಡಿಮೆ. ಹೊದಿಕೆ ಸುಕ್ಕುಗಟ್ಟಿ, ಒಣಗಿದ ಹಣ್ಣಿನ ಸಿಪ್ಪೆಯಂತಿತ್ತು. ಹುಡುಗಿಯದು ಊದಿತ್ತು, ಇದು ಕುಗ್ಗಿತ್ತು. ಸ್ಲೈಡು ಮಾಡಿ ನೋಡಿದರೆ ಇಲ್ಲಿ ಮೂಲೆಯ ಕೋಶಗಳು ಉಳಿದಿದ್ದವು, ಮಧ್ಯದವೆಲ್ಲ ಸತ್ತಿದ್ದವು. ಪ್ರತಿ ಕೋಣೆಯಲ್ಲೂ ಅದೇ ಚಿತ್ರ. ಪ್ಯಾರಾಸಿಟಮಾಲ್. ನಮ್ಮೆಲ್ಲರ ಮನೆಯ ಕಪಾಟಿನಲ್ಲಿರುವ ಜ್ವರದ ಮಾತ್ರೆ.

ಹೇಳಿದಷ್ಟೇ ತೆಗೆದುಕೊಂಡರೆ ಅದರಷ್ಟು ಸುರಕ್ಷಿತ ಮಾತ್ರೆ ಇನ್ನೊಂದಿಲ್ಲ. ನಾನೂ ಮೊನ್ನೆ ನುಂಗಿದೆ. ಮಾತ್ರೆ ಸ್ವತಃ ವಿಷವಲ್ಲ. ಯಕೃತ್ತಿನ ಮಧ್ಯದ ಕೋಶಗಳಲ್ಲಿ ಔಷಧಿಗಳನ್ನು ಪರಿವರ್ತಿಸುವ ಕಿಣ್ವಗಳು ಹೆಚ್ಚು. ಅವು ಮಾತ್ರೆಯ ಸಣ್ಣ ಪಾಲನ್ನು ಒಂದು ಕಟುವಾದ ವಸ್ತುವಾಗಿ ಬದಲಿಸುತ್ತವೆ. ಅದನ್ನು ಕೂಡಲೇ ಒರೆಸಿ ಹಾಕಲು ಗ್ಲುಟಥಯಾನ್ ಎಂಬುದು ಕೋಶದಲ್ಲೇ ಇರುತ್ತದೆ. ಮಾತ್ರೆ ಅಳತೆ ಮೀರಿದರೆ ಗ್ಲುಟಥಯಾನ್ ದಾಸ್ತಾನು ಮುಗಿಯುತ್ತದೆ, ಆ ವಸ್ತು ಕೋಶವನ್ನೇ ಹಿಡಿಯುತ್ತದೆ. ಉಪವಾಸವಿದ್ದವರಲ್ಲಿ, ಕುಡಿಯುವವರಲ್ಲಿ ದಾಸ್ತಾನು ಮೊದಲೇ ಕಡಿಮೆ. ಜ್ವರದ ಮಾತ್ರೆ, ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ ಎಂದು ಮೂರು ಹೆಸರಿನಲ್ಲಿ ಒಂದೇ ಪ್ಯಾರಾಸಿಟಮಾಲ್ ನುಂಗಿ ತೊಂದರೆಗೆ ಸಿಕ್ಕವರೂ ಇದ್ದಾರೆ. ಹಾಳೆಯ ಹಿಂದಿನ ಸಣ್ಣ ಅಕ್ಷರ ಓದುವ ಅಭ್ಯಾಸ ಮಕ್ಕಳಿಗೆ ಮಾಡಿಸಿ. ಯಕೃತ್ತಿಗೆ ಹೀಗಾಗುತ್ತದೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿಯಾದದ್ದು 1966ರಲ್ಲಿ. ಎಪ್ಪತ್ತರ ದಶಕದಲ್ಲಿ ಪ್ರತ್ಯೌಷಧವೂ ಸಿಕ್ಕಿತು. ಅಸಿಟೈಲ್‌ಸಿಸ್ಟೀನ್, ಕಫ ಕರಗಿಸಲು ಬಳಸುವ, ಕೊಳೆತ ಮೊಟ್ಟೆಯ ವಾಸನೆಯ ಸಾಮಾನ್ಯ ಔಷಧಿ. ಅದು ಖಾಲಿಯಾದ ಗ್ಲುಟಥಯಾನನ್ನು ಮತ್ತೆ ತುಂಬಿಕೊಡುತ್ತದೆ. ಎಂಟು ಗಂಟೆಯೊಳಗೆ ಕೊಟ್ಟರೆ ಯಕೃತ್ತು ಬಹುಮಟ್ಟಿಗೆ ಉಳಿದಂತೆಯೇ. ತಡವಾದಷ್ಟೂ ಫಲ ಕಡಿಮೆ, ಆದರೂ ಕೊಡುವುದನ್ನು ಬಿಡುವುದಿಲ್ಲ.

ಆ ಹುಡುಗ ಯಾಕೆ ನುಂಗಿದ ಎಂಬುದು ಕೊನೆಗೂ ಯಾರಿಗೂ ಸ್ಪಷ್ಟವಾಗಲಿಲ್ಲ. ರಾತ್ರಿ ವಾಂತಿ ಮಾಡಿಕೊಂಡ. ಕೋಣೆಯ ಗೆಳೆಯ ಎದ್ದು ನೀರು ಕೊಟ್ಟ, ಏನೆಂದು ಕೇಳಿ ತಿಳಿದುಕೊಂಡ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟ. ಮರುದಿನ ಇಬ್ಬರೂ ಕ್ಲಾಸಿಗೆ ಹೋದರು. ಚೆನ್ನಾಗಿದ್ದಾನಲ್ಲ, ಇನ್ನು ಹೇಳುವುದೇನು ಎಂದು ಗೆಳೆಯನಿಗೂ ಅನ್ನಿಸಿತು. ಮೂರನೆಯ ದಿನ ಬಲಪಕ್ಕೆಯಲ್ಲಿ ನೋವು, ನಾಲ್ಕನೆಯ ದಿನ ಕಣ್ಣು ಹಳದಿ.

ಈ ‘ಚೆನ್ನಾಗಿರುವ’ ದಿನ ಯಾಕೆ ಬರುತ್ತದೆ? ವಾಂತಿ, ಹೊಟ್ಟೆ ತೊಳಸು ಶಮನವಾಗಿರುತ್ತದೆ. ಯಕೃತ್ತಿಗೆ ನೋವು ಹೇಳಿಕೊಳ್ಳುವ ಅಭ್ಯಾಸ ಕಡಿಮೆ, ಮೀಸಲು ಶಕ್ತಿ ಹೆಚ್ಚು. ಮೊದಲೇ ಮಾಡಿಟ್ಟ ಪ್ರೋಟೀನುಗಳು ರಕ್ತದಲ್ಲಿ ಇನ್ನೂ ಸ್ವಲ್ಪ ಹೊತ್ತು ಓಡಾಡುತ್ತಿರುತ್ತವೆ. ಕಾಮಾಲೆಯ ಬಣ್ಣ ಕಣ್ಣಿಗೆ ಕಾಣುವಷ್ಟು ಸೇರಲು ದಿನಗಳೇ ಬೇಕು. ರಕ್ತಪರೀಕ್ಷೆ ಮಾಡಿಸಿದ್ದರೆ ಕಿಣ್ವಗಳು ಸಾವಿರಗಟ್ಟಲೆ ಏರಿರುವುದು ಕಾಣುತ್ತಿತ್ತು. ಅಂದರೆ ಹುಡುಗಿ ಬೆಕ್ಕಿನ ಹಿಂದೆ ಓಡುತ್ತಿದ್ದ ಮಧ್ಯಾಹ್ನ, ಹುಡುಗ ಕ್ಲಾಸಿನಲ್ಲಿ ಕೂತಿದ್ದ ಬೆಳಿಗ್ಗೆ, ಒಳಗೆ ಕೋಶಗಳು ಸಾಯುತ್ತಿದ್ದವು. ವಿಷಕ್ಕೆ ಸಂಬಂಧಪಟ್ಟ ಯಾವುದೇ ಸಂಗತಿಯಲ್ಲಿ ‘ಈಗ ಚೆನ್ನಾಗಿದ್ದಾನೆ’ ಎನ್ನುವುದು ಆಸ್ಪತ್ರೆಗೆ ಹೋಗದಿರಲು ಕಾರಣವಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ, ಹಾಲು ತುಪ್ಪವೂ ಬೇಡ. ನುಂಗಿದ್ದರ ಡಬ್ಬಿಯನ್ನೋ ಹಾಳೆಯನ್ನೋ ಕೈಲಿ ಹಿಡಿದು, 108 ಕರೆದು, ಹೊರಡಿ. ಹಳದಿ ರಂಜಕಕ್ಕೆ ಇವತ್ತಿಗೂ ಪ್ರತ್ಯೌಷಧವಿಲ್ಲ, ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ಪ್ಲಾಸ್ಮಾ ಬದಲಿಸುವ ಚಿಕಿತ್ಸೆಯಿದೆ, ಯಕೃತ್ತಿನ ಕಸಿ ಇದೆ. ಬೇಗ ತಲುಪಿದವರಿಗೆ ಇವು ದಕ್ಕುತ್ತವೆ. ಗೆಳೆಯನಿಗೆ ಕೊಟ್ಟ ಮಾತನ್ನು ಇಂಥ ಹೊತ್ತಿನಲ್ಲಿ ಮುರಿಯಬಹುದು. ಹಾಗೆ ಮುರಿದು ಬೈಸಿಕೊಂಡ ಹುಡುಗಿಯೊಬ್ಬಳು ನನಗೆ ಗೊತ್ತು. ಬೈದವಳು ಈಗ ಎರಡು ಮಕ್ಕಳ ತಾಯಿ. ಮನಸ್ಸಿಗೆ ತಡೆಯಲಾರದ ಕಷ್ಟವಾದಾಗ ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ 2022ರಿಂದ ಇದೆ, ಸಂಖ್ಯೆ 14416. ಆ ಹುಡುಗನ ಕಾಲಕ್ಕೆ ಇರಲಿಲ್ಲ.

ವರದಿ ಕಳಿಸಿ ಎರಡು ತಿಂಗಳಾದ ಮೇಲೆ ಹುಡುಗನ ತಂದೆ ನಮ್ಮ ವಿಭಾಗಕ್ಕೆ ಬಂದರು. ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಮೇಷ್ಟ್ರು. ಪೊಲೀಸರಿಂದ ಪಡೆದ ವರದಿಯ ಜೆರಾಕ್ಸ್ ಪ್ರತಿ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು. ‘ಇಂಗ್ಲಿಷ್ ಓದಿದೆ ಸಾರ್, ಅರ್ಥ ಆಗಲಿಲ್ಲ. ತೋರಿಸೋಕೆ ಆಗುತ್ತಾ?’ ಎಂದರು. ಸಾಮಾನ್ಯವಾಗಿ ಯಾರಿಗೂ ತೋರಿಸುವುದಿಲ್ಲ. ಅವತ್ತು ಸ್ಲೈಡು ತೆಗೆದು ಮೈಕ್ರೋಸ್ಕೋಪಿಗೆ ಹಾಕಿದೆ. ಬಹಳ ಹೊತ್ತು ನೋಡಿದರು.

‘ಜೇನುಗೂಡು ಇದ್ದ ಹಾಗಿದೆ.’

‘ಹೌದು ಮೇಷ್ಟ್ರೇ.’

ಮಧ್ಯದಲ್ಲಿ ತೆಳುಗೆಂಪಾಗಿರುವುದು ಸತ್ತ ಭಾಗ ಎಂದು ಹೇಳಿದೆ. ಮೂಲೆಯ ಹತ್ತಿರ ಕೆಲವು ಕೋಶಗಳ ಕೇಂದ್ರ ಎರಡಾಗಿ ಸೀಳುತ್ತಿತ್ತು, ಅದನ್ನೂ ತೋರಿಸಿದೆ. ಯಕೃತ್ತು ಮತ್ತೆ ಬೆಳೆಯುವ ಅಂಗ. ಮೂರರಲ್ಲಿ ಎರಡು ಪಾಲು ಕತ್ತರಿಸಿದರೂ ತಿಂಗಳುಗಳಲ್ಲಿ ತುಂಬಿಕೊಳ್ಳುತ್ತದೆ. ಮನೆಗಳು ಬಿದ್ದರೂ ಬೀದಿಗಳ ಗೆರೆ ಉಳಿದಿದ್ದರೆ ಹಳೆಯ ಊರೇ ಎದ್ದು ನಿಲ್ಲುತ್ತದೆ. ಇಲ್ಲಿ ಗೆರೆಗಳು ಉಳಿದಿದ್ದವು. ‘ಇವು ಹೊಸದಾಗಿ ಹುಟ್ಟುತ್ತಾ ಇದ್ದ ಜೀವಕೋಶಗಳು’ ಎಂದೆ. ಹೇಳಬಾರದಿತ್ತೇನೋ. ಅವರು ಕಣ್ಣು ತೆಗೆಯಲಿಲ್ಲ.

‘ಎರಡನೇ ದಿನ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದ್ದ. ಊಟ ಆಯ್ತಾ ಅಂದೆ. ಆಯ್ತಪ್ಪ ಅಂದ. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಿದೆ ಸಾರ್.’ ಸ್ವಲ್ಪ ಹೊತ್ತು ಬಿಟ್ಟು, ‘ಆವಾಗ ಹೇಳಿದ್ದಿದ್ರೆ?’ ಎಂದರು.

1979ರ ಆ ತಾಯಿ ನನ್ನನ್ನು ಇದನ್ನು ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ‘ಮೊದಲನೇ ರಾತ್ರಿಯೇ ಗೊತ್ತಾಗಿದ್ರೆ ಔಷಧಿ ಇತ್ತು, ಮೇಷ್ಟ್ರೇ. ಎರಡನೇ ದಿನವೂ ಕೊಟ್ಟು ನೋಡಬಹುದಿತ್ತು’ ಎಂದೆ.

ಅವರು ಕನ್ನಡಕ ಒರೆಸಿಕೊಂಡರು. ಜೆರಾಕ್ಸ್ ಕಾಗದವನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡರು. ಬಾಗಿಲ ತನಕ ಹೋಗಿ ತಿರುಗಿ ನಿಂತರು.

‘ಆ ರೂಂಮೇಟ್ ಹುಡುಗ ನಿಮ್ಮ ಹತ್ತಿರ ಬಂದರೂ ಬರಬಹುದು ಸಾರ್. ನಮ್ಮನೆಗೂ ಬಂದಿದ್ದ, ಅಳ್ತಾ ಇದ್ದ. ಅವನಿಗೆ ಮಾತ್ರ ಇದನ್ನ ಹೇಳಬೇಡಿ.’